ಟೀಚರಮ್ಮನ ಶಾರ್ಕ್ ಪಟ್ಟಿ

ಈಜು ಕಲಿಸುವವರಿಗೆ ನೀರಿನಿಂದ ತೊಂದರೆ ಕಡಿಮೆ. ನೀರಿಗಿಳಿಯುವವರು ಏನೇನು ಕಟ್ಟಿಕೊಂಡು ಬರುತ್ತಾರೋ ಅದರಿಂದಲೇ ಎಲ್ಲ. ಇಪ್ಪತ್ತೆರಡು ವರ್ಷದಿಂದ ಮೈಸೂರಿನ ಒಂದು ಈಜುಕೊಳದಲ್ಲಿ ಹೆಂಗಸರ ಬ್ಯಾಚಿಗೆ ಕಲಿಸುತ್ತಿದ್ದೇನೆ. ಕಿವಿಗೆ ಹತ್ತಿ, ತಲೆಗೆ ಹರಳೆಣ್ಣೆ, ಸೊಂಟಕ್ಕೆ ಮಂತ್ರಿಸಿದ ದಾರ, ಎಲ್ಲ ಸಹಿಸಿದ್ದೇನೆ. ಆದರೆ ಸಮುದ್ರವೇ ಇಲ್ಲದ ಊರಿಗೆ ಶಾರ್ಕ್ ಓಡಿಸುವ ಪಟ್ಟಿ ಬಂತಲ್ಲ, ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

೧. ಏಳು ಗಂಟೆಯ ಜಗಳ

ಮೊದಲು ನಮ್ಮ ಕೊಳದ ಸೆಕ್ರೆಟರಿಯ ವಿಷಯ ಹೇಳಬೇಕು. ಒಂದು ದಿನ ಅವರು ನನ್ನನ್ನು ಕರೆಸಿ, "ಮೇಡಂ, ನಿಮ್ಮ ಬ್ಯಾಚಿನೋರು ಈಜಲ್ಲ. ನೀರಲ್ಲಿ ನಿಂತ್ಕೊಂಡು ಹುಳಿಪುಡಿ ವಿಷಯ ಮಾತಾಡ್ತಾರೆ. ಬೆಳಿಗ್ಗೆ ಏಳು ಗಂಟೆ ಟೈಮು ಗಂಡಸರ ಬ್ಯಾಚಿಗೆ ಕೊಟ್ಬಿಡ್ತೀನಿ" ಎಂದರು.

ನನ್ನ ಪಿತ್ತ ನೆತ್ತಿಗೇರಿತು. ಈ ಹೆಂಗಸರನ್ನು ಯಾರೂ "ಕಾಫಿ ಆಯ್ತಾ?" ಎಂದು ಕೇಳದಿರುವುದು ದಿನದಲ್ಲಿ ಆ ಒಂದು ಗಂಟೆ ಮಾತ್ರ. ಅದನ್ನೂ ಕಿತ್ತುಕೊಂಡರೆ?

"ದಸರಾ ಮುಗಿದ ಭಾನುವಾರ ಮಂಗಳೂರು ಕಡೆ ಐವತ್ತು ದಾಟಿದವರಿಗೆ ಸಮುದ್ರದ ಈಜು ಇದೆ. ಅರ್ಧ ಕಿಲೋಮೀಟರ್. ನನ್ನ ಬ್ಯಾಚಿನಲ್ಲಿ ಒಬ್ಬರಾದರೂ ಮುಗಿಸಿದರೆ ಏಳು ಗಂಟೆ ನಮ್ಮದು. ಇಲ್ಲದಿದ್ದರೆ ತಗೊಳ್ಳಿ" ಎಂದೆ.

ಸಿಟ್ಟಿನಲ್ಲಿ ಹೇಳಿ ಬಂದೆ. ಆಮೇಲೆ ಬ್ಯಾಚಿನಲ್ಲಿ ಯಾರು ಬರುತ್ತೀರಿ ಎಂದು ಕೇಳಿದರೆ ಇಪ್ಪತ್ತು ಜನ ಒಟ್ಟಿಗೆ ನೀರೊಳಗೆ ಮುಳುಗಿದರು. ಅಷ್ಟು ಹೊತ್ತು ಉಸಿರು ಕಟ್ಟುವುದು ಅವರಿಗೆ ಬರುತ್ತದೆಂದು ನನಗೆ ಗೊತ್ತಾದದ್ದೇ ಅವತ್ತು.

೨. ಒಗ್ಗಬೇಕಲ್ಲ

ಕೊನೆಗೆ ಒಪ್ಪಿದವರು ಇಬ್ಬರು. ವಿಜಯನಗರದ ನಿವೃತ್ತ ಟೀಚರಮ್ಮ, ಮತ್ತೆ ಕುಂಬಾರಕೊಪ್ಪಲಿನಲ್ಲಿ ಹಿಟ್ಟಿನ ಮಿಲ್ ನಡೆಸುವಾಕೆ. ಅವರನ್ನು ನಾವೆಲ್ಲ ಮಿಲ್ಲಮ್ಮ ಅಂತಲೇ ಕರೆಯುವುದು.

ವಾರ ಕಳೆಯುವುದರೊಳಗೆ ಟೀಚರಮ್ಮ ಎಡಗಾಲಿಗೆ ಒಂದು ದಪ್ಪ ಕಪ್ಪು ಪಟ್ಟಿ ಬಿಗಿದುಕೊಂಡು ಬಂದರು. ನಾದಿನಿ ಆಸ್ಟ್ರೇಲಿಯಾ ಟೂರಿಗೆ ಹೋದಾಗ ತಂದುಕೊಟ್ಟದ್ದಂತೆ. ಒಳಗೆ ಅಯಸ್ಕಾಂತವಿದೆಯಂತೆ, ಅದರ ಹತ್ತಿರ ಶಾರ್ಕ್ ಸುಳಿಯುವುದಿಲ್ಲವಂತೆ.

"ಟೀಚರಮ್ಮ, ಇದು ಈಜುಕೊಳ. ಇಲ್ಲಿ ಯಾವ ಶಾರ್ಕ್ ಬರುತ್ತೆ?"

"ಅಷ್ಟೂ ಗೊತ್ತಿಲ್ವಾ ಮೇಡಂ ನಂಗೆ? ಹೊಸ ಚಪ್ಪಲಿ ಕಚ್ಚುತ್ತೆ ಅಂತ ಮದ್ವೆಗೆ ಮುಂಚೆ ಮನೇಲಿ ಹಾಕ್ಕೊಂಡು ಓಡಾಡಲ್ವಾ? ಹಾಗೆ."

ನಾನು ರೇಗಿದೆ. ಶಾರ್ಕ್ ಕಚ್ಚಿದವರನ್ನು ನಾನು ಕಂಡಿಲ್ಲ. ಉಸಿರು ಬಿಡುವುದು ತಿಳಿಯದೆ ನೀರು ಕುಡಿದವರನ್ನು ಈ ಕೈಯಲ್ಲೇ ಮೇಲೆತ್ತಿದ್ದೇನೆ. ಮೂರು ಸಲ ಕೈ ಬೀಸಿ ಒಂದು ಸಲ ಉಸಿರು ತಗೊಳ್ಳಿ, ಪಟ್ಟಿ ಬಿಚ್ಚಿಡಿ ಎಂದು ಕೂಗಿದೆ.

ಟೀಚರಮ್ಮ ಮೂವತ್ತು ವರ್ಷ ಮಕ್ಕಳ ಕೂಗು ಕೇಳಿದವರು. ಉಸಿರಿನ ಪಾಠ ತೆಗೆದುಕೊಂಡರು, ಪಟ್ಟಿ ಮಾತ್ರ ಬಿಚ್ಚಲಿಲ್ಲ. "ಹೊಸ ಮೇಡಂಗಳೆಲ್ಲ ಶುರುವಲ್ಲಿ ಹೀಗೇ ಕೂಗ್ತಾರೆ" ಎಂದು ಮಿಲ್ಲಮ್ಮನಿಗೆ ಹೇಳುತ್ತಿದ್ದುದು ನನಗೂ ಕೇಳಿಸಿತು. ಇಪ್ಪತ್ತೆರಡು ವರ್ಷ ಆಯಿತಲ್ಲಪ್ಪ ನನಗೆ!

೩. ಪಿನ್ನಿನ ಗೊಂಚಲು

ಮಿಲ್ಲಮ್ಮನ ಬಳೆಗೆ ಯಾವಾಗಲೂ ಏಳೆಂಟು ಸೇಫ್ಟಿ ಪಿನ್ನಿನ ಗೊಂಚಲು. ಯಾರ ಸೆರಗು ಯಾವಾಗ ಜಾರುತ್ತದೋ ಎಂದು ಇಟ್ಟುಕೊಂಡದ್ದು. ಒಂದು ಬೆಳಿಗ್ಗೆ ಇಬ್ಬರನ್ನೂ ಒಬ್ಬರ ಹಿಂದೆ ಒಬ್ಬರಂತೆ ಈಜಲು ಬಿಟ್ಟೆ. ಮಿಲ್ಲಮ್ಮ ಕೈ ಚಾಚಿದರು. ಗೊಂಚಲು ಹೋಗಿ ಟೀಚರಮ್ಮನ ಪಟ್ಟಿಗೆ ಕಚ್ಚಿಕೊಂಡಿತು.

"ಬುಡೀ ಟೀಚರಮ್ಮ, ನನ್ ಕೈ ಬುಡೀ!"

"ನಾನೆಲ್ರೀ ಹಿಡ್ಕೊಂಡಿದೀನಿ? ನೀವು ನನ್ ಕಾಲು ಬಿಡಿ!"

ನಾನು ಬಟ್ಟೆಯಲ್ಲೇ ಹಾರಿ ಇಬ್ಬರನ್ನೂ ಬಿಡಿಸಬೇಕಾಯಿತು. ದಡದಲ್ಲಿ ನೋಡಿದರೆ ಪಟ್ಟಿಯ ತುಂಬ ಪಿನ್ನು, ಯಾರದೋ ಹೇರ್‌ಪಿನ್ನು, ಹಿಂದಿನ ತಿಂಗಳು ಕಳೆದುಹೋಗಿದ್ದ ಲಾಕರಿನ ಬೀಗದ ಕೈ. ದೂರ ಓಡಿಸಲೆಂದು ತಂದ ವಸ್ತು ಇಡೀ ಕೊಳವನ್ನೇ ಹತ್ತಿರ ಕರೆದುಕೊಂಡಿತ್ತು.

೪. ಜೇಬು

ನಾನು ಬೈದದ್ದಕ್ಕೆ ಮಿಲ್ಲಮ್ಮ ಪಿನ್ನು ತೆಗೆದರು, ನಿಜ. ಆದರೆ ತಮಗೂ ಏನಾದರೂ ರಕ್ಷಣೆ ಬೇಕೆಂದು ಹಟ. ಕಪ್ಪು ಬಿಳಿ ಪಟ್ಟೆಯ ಬಟ್ಟೆ ಕಂಡರೆ ಶಾರ್ಕ್ ಬರುವುದಿಲ್ಲ ಎಂದು ಮೊಬೈಲಿನಲ್ಲಿ ನೋಡಿದ್ದರಂತೆ. ಚಾಮರಾಜಪುರಂನ ಟೈಲರ್ ಹತ್ತಿರ ಮೈತುಂಬ ಹೊಲಿಸಿಕೊಂಡೇ ಬಂದರು. ಧುಮುಕಿದ್ದೇ ತಡ, ಸೊಂಟದ ಎರಡೂ ಕಡೆ ಎರಡು ಬಿಂದಿಗೆ ಊದಿಕೊಂಡವು. ಜೇಬು!

ಕೋಪ ತಡೆಯದೆ ಆ ಅಂಗಡಿಗೇ ಹೋದೆ. "ಈಜೋ ಬಟ್ಟೆಗೆ ಜೇಬು ಯಾಕ್ರೀ ಇಟ್ರಿ?"

ಟೈಲರ್ ಕನ್ನಡಕದ ಮೇಲಿಂದ ನೋಡಿ ಕೇಳಿದರು. "ಮತ್ತೆ ಮೊಬೈಲ್ ಎಲ್ಲಿ ಇಟ್ಕೋತಾರೆ ಮೇಡಂ? ಶಾರ್ಕ್ ಬಂದ್ರೆ ಮನೆಯವ್ರಿಗೆ ಒಂದು ಫೋನ್ ಮಾಡ್ಬೇಡ್ವಾ?"

೫. ಸಮುದ್ರ

ದಸರಾ ರಜೆಗೆ ಕೊಳ ಮುಚ್ಚಿತು. ಭಾನುವಾರ ಕಡಲ ದಡದಲ್ಲಿ ಟೀಚರಮ್ಮ ಪ್ಯಾಂಟಿನ ಅಂಚು ಎತ್ತಿದಾಗ ನಾನು ಕಕ್ಕಾಬಿಕ್ಕಿ. ಪಟ್ಟಿ ಕೆಂಪಗೆ ಕುಂಕುಮದ ಮುದ್ದೆಯಾಗಿತ್ತು.

"ಇದೇನು?"

"ಆಯುಧಪೂಜೆ ಮೇಡಂ. ಸ್ಕೂಟರು, ಮಿಕ್ಸಿ, ಕುಕ್ಕರಿನ ಜೊತೆ ಇದಕ್ಕೂ ಮಾಡಿದೆ. ಒಣಗಿ ಉದುರದಿರ್ಲಿ ಅಂತ ಎಣ್ಣೇಲಿ ಕಲಸಿ ಹಚ್ಚಿದೀನಿ."

"ತೊಳೀರಿ ಮೊದಲು!"

"ಪೂಜೆ ಕುಂಕುಮ ನಾವಾಗೇ ಅಳಿಸಬಾರ್ದು ಮೇಡಂ. ಸಮುದ್ರಾನೇ ತೊಳ್ಕೊಳ್ಲಿ."

ಸೆಕ್ರೆಟರಿಯೂ ಬಂದಿದ್ದರು, ನಮ್ಮ ಸೋಲು ಕಣ್ಣಾರೆ ನೋಡಲು. ನಮ್ಮ ಕೊಳದ ಮೂವರು ಗಂಡಸರೂ ಈಜುವವರಿದ್ದರು. ಒಟ್ಟು ಮೂವತ್ತು ಜನ, ಹೆಂಗಸರೆಂದರೆ ನಮ್ಮವರಿಬ್ಬರೇ. ಸೀಟಿ ಊದಿದರು. ಗಂಡಸರು ದಡದಡ ಮುಂದೆ ಹೋದರು. ಟೀಚರಮ್ಮ ಎಲ್ಲರಿಗಿಂತ ಹಿಂದೆ. ನಾನು ಗಂಟಲು ಹರಿಯುವಂತೆ, "ಉಸಿರು ಬಿಡಿ ಟೀಚರಮ್ಮ!" ಎಂದು ಕೂಗುತ್ತ ದಡದಲ್ಲಿ ಓಡಾಡುತ್ತಿದ್ದೆ.

ಆಗ ಅವರ ಕಾಲಿನ ಸುತ್ತ ನೀರು ಕೆಂಪಾಯಿತು.

"ಅಯ್ಯೋ ರಕ್ತ! ಶಾರ್ಕ್ ಕಣ್ರೀ, ಶಾರ್ಕ್!" ಎಂದು ಸೆಕ್ರೆಟರಿ ಮೈಕ್ ಕಸಿದುಕೊಂಡು ಅರಚಿದರು.

ಮುಂದೆ ಹೋಗಿದ್ದ ಗಂಡಸರೆಲ್ಲ ಗಿರಕ್ಕನೆ ತಿರುಗಿದರು. ಹೋದದ್ದಕ್ಕಿಂತ ಬಂದದ್ದೇ ಜೋರು. ಮಿಲ್ಲಮ್ಮನೂ ಎರಡು ಜೇಬು ನೀರು ಹೊತ್ತು ಬಂದು ಮರಳಲ್ಲಿ ಕುಸಿದರು. "ಅದು ಕುಂಕುಮ, ಕುಂಕುಮ!" ಎಂದು ನಾನು ಬಾಯಿ ಬಡಿದುಕೊಂಡರೂ ಕೇಳುವವರಿಲ್ಲ. ಮುಗೀತು, ಟೀಚರಮ್ಮನೂ ವಾಪಸು ಬರುತ್ತಾರೆ, ಏಳು ಗಂಟೆ ಹೋಯಿತು ಎಂದು ನನ್ನ ಕಣ್ಣಲ್ಲಿ ನೀರೇ ಬಂತು.

ಟೀಚರಮ್ಮ ತಿರುಗಲಿಲ್ಲ. ಓಡಿಬರುತ್ತಿದ್ದ ಗಂಡಸರ ನಡುವೆ ದಾರಿ ಮಾಡಿಕೊಂಡು, ಮೂರು ಸಲ ಕೈ, ಒಂದು ಸಲ ಉಸಿರು, ಹಾಗೇ ಹೋದರು. ಕಾವಲಿನ ದೋಣಿಯವರು ಹತ್ತಿರ ಹೋಗಿ ನೋಡಿ ನಗುತ್ತ ಜೊತೆಗೇ ಸಾಗಿದರು. ದೂರದ ಗುರುತು ಮುಟ್ಟಿ, ತಿರುಗಿ, ಅರ್ಧ ಕಿಲೋಮೀಟರೂ ಮುಗಿಸಿ ದಡಕ್ಕೆ ಬಂದರು. ಪೂರ್ತಿ ಮುಗಿಸಿದವರು ಅವರೊಬ್ಬರೇ.

"ಏಳು ಗಂಟೆ ನಿಮ್ಮದೇ ಮೇಡಂ" ಎಂದು ಸೆಕ್ರೆಟರಿ ಗೊಣಗಿದರು.

ನಾನು ಟೀಚರಮ್ಮನನ್ನು ತಬ್ಬಿಕೊಂಡು ಕೇಳಿದೆ, "ಅವರು ಕೂಗಿದ್ದು ಕೇಳಿಸಲಿಲ್ವಾ?"

"ಕೇಳಿಸ್ತು. ಅದಕ್ಕೇ ಅಲ್ವಾ ಕಟ್ಕೊಂಡಿರೋದು, ಬರ್ಲಿ ಅಂದ್ಕೊಂಡೆ."

ನನ್ನ ಹಳೆಯ ಸಿಟ್ಟು ಮತ್ತೆ ಬಂತು. "ಈಜಿದ್ದು ನೀವು ಕಣ್ರೀ, ಆ ಪಟ್ಟಿ ಅಲ್ಲ! ಅದು ಇವತ್ತು ಏನನ್ನ ಓಡಿಸ್ತು ಹೇಳಿ ನೋಡೋಣ!"

ಟೀಚರಮ್ಮ ಬಗ್ಗಿ ಪಟ್ಟಿ ಬಿಚ್ಚಿದರು. ಟವೆಲು ಹೊದ್ದು ನಡುಗುತ್ತ ನಿಂತಿದ್ದ ಇಪ್ಪತ್ತೆಂಟು ಜನರನ್ನು ಸಾವಕಾಶವಾಗಿ, ಹಾಜರಿ ತೆಗೆದುಕೊಳ್ಳುವವರಂತೆ ನೋಡಿದರು.

"ಶಾರ್ಕಿನ ವಿಷಯ ನಂಗೊತ್ತಿಲ್ಲ ಮೇಡಂ. ಗಂಡಸ್ರನ್ನ ಮಾತ್ರ ಚೆನ್ನಾಗಿ ಓಡಿಸುತ್ತೆ."