ಇಸ್ತ್ರಿ ಭಾವನ ಆಲ್ಬಂ

ನಮ್ಮ ಭಾವ ಗಿಟಾರ್ ನುಡಿಸುವುದಿಲ್ಲ, ಗಿಟಾರಿಗೆ ಇಸ್ತ್ರಿ ಹಾಕುತ್ತಾರೆ. ಹೀಗೆಂದರೆ ಅಕ್ಕನಿಗೆ ಸಿಟ್ಟು ಬರುತ್ತದೆ. ಗಂಡನನ್ನು ಆಡಿಕೊಳ್ಳುವ ಹಕ್ಕು ತನ್ನೊಬ್ಬಳದೇ ಎಂದು ಅವಳ ನಂಬಿಕೆ. ಆದರೆ ನೀವೇ ಹೇಳಿ, ವಾದ್ಯವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಗಳ ಮೇಲೆ ಅತ್ತಿಂದಿತ್ತ ಜಾರಿಸುವುದಕ್ಕೆ ಇನ್ನೇನು ಹೆಸರು? ಮೇಲಾಗಿ ಅವರ ಕೆಲಸವೂ ದುಬೈಯ ಹೋಟೆಲೊಂದರ ಲಾಂಡ್ರಿಯಲ್ಲಿ!

ಆ ವಾದ್ಯದ ಹೆಸರು ಡೋಬ್ರೋ. ಹೊಟ್ಟೆಯಲ್ಲಿ ಸ್ಟೀಲಿನ ತಟ್ಟೆ ಇರುವ ಗಿಟಾರ್. ಹೋಟೆಲಿನ ಬ್ಯಾಂಡಿನಲ್ಲಿದ್ದ ಅಮೆರಿಕದವನೊಬ್ಬ ವೀಸಾ ಮುಗಿದು ಹೊರಡುವಾಗ, ತನ್ನ ಅಂಗಿಗಳನ್ನು ಇಷ್ಟು ಚೆನ್ನಾಗಿ ಮಡಚಿದವರು ಯಾರೂ ಇಲ್ಲವೆಂದು ಅದನ್ನು ಭಾವನಿಗೇ ಕೊಟ್ಟುಹೋದ. ಜೊತೆಗೆ ಬ್ಲೂಗ್ರಾಸ್ ಎಂಬ ಹುಚ್ಚನ್ನೂ ಅಂಟಿಸಿದ. ಅದು ಅಲ್ಲಿನ ಗುಡ್ಡಗಾಡಿನವರ ತಂತಿವಾದ್ಯದ ಸಂಗೀತ. ಬಸ್ಸು ತಪ್ಪೀತೆಂಬ ಗಾಬರಿಯವರ ಹಾಗೆ ಓಡುತ್ತದೆ. ಹತ್ತು ವರ್ಷದಲ್ಲಿ ಭಾವ ಅದರಲ್ಲಿ ಎಷ್ಟು ಪಳಗಿದರೆಂದರೆ, ದೊಡ್ಡ ಹೋಟೆಲುಗಳ ಬ್ಯಾಂಡಿನವರು ಸತ್ವಾದ ನಮ್ಮ ವಿಲ್ಲಾಕ್ಕೆ ಬಂದು, ಚಪ್ಪಲಿ ಕಳಚಿಟ್ಟು, ಅವರ ಬೆರಳುಗಳನ್ನೇ ನೋಡುತ್ತ ಕೂರುತ್ತಿದ್ದರು. ವಿಲ್ಲಾ ಎಂದೊಡನೆ ಈಜುಕೊಳ ಊಹಿಸಬೇಡಿ. ಐದು ಸಂಸಾರಗಳು ಪ್ಲೈವುಡ್ ಗೋಡೆ ಹಾಕಿ ಹಂಚಿಕೊಂಡ ಹಳೆಯ ಮನೆ. ಒಬ್ಬರು ಸೀನಿದರೆ ನಾಲ್ಕು ಕೋಣೆಯವರು ಹರಸುತ್ತಾರೆ.

ಇಂಥ ಮನೆಯಲ್ಲಿ ಭಾವ ಆಲ್ಬಂ ಮಾಡಲು ಹೊರಟರು. ಒಟ್ಟು ಎಂಟು ಹಾಡು, ಬ್ಲೂಗ್ರಾಸಿನೊಳಗೆ ನಮ್ಮೂರಿನದೆಲ್ಲ ಬರಬೇಕು. ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ನಾನೇ ರೆಕಾರ್ಡಿಂಗ್ ಇಂಜಿನಿಯರ್! ಮೊದಲ ಹಾಡಿಗೆ ಬರ್ ದುಬೈಯ ಅಕೌಂಟೆಂಟ್ ಒಬ್ಬರು ಯಕ್ಷಗಾನದ ಚೆಂಡೆ ಹೊತ್ತು ತಂದರು. ಎರಡನೆಯದಕ್ಕೆ ಪಕ್ಕದ ಟೈಲರನ ಹೊಲಿಗೆ ಮಿಷನ್ನೇ ತಾಳ. ಅದನ್ನು ಕೇಳಿ ಭಾವನ ಮಗಳು ಹೇಳಿದಳು:

"ಡ್ಯಾಡಿ, ದಿಸ್ ಇಸ್ ನಾಟ್ ಮ್ಯೂಸಿಕ್. ದಿಸ್ ಇಸ್ ಟ್ರಾಫಿಕ್."

"ಟ್ರಾಫಿಕ್ಕಿಗೂ ಒಂದು ಲಯ ಉಂಟು ಮಗಾ," ಎಂದರು ಭಾವ.

ಎ.ಸಿ.ಯ ಸದ್ದು ರೆಕಾರ್ಡಿನಲ್ಲಿ ಬರಬಾರದೆಂದು ಶುಕ್ರವಾರ ಚರ್ಚಿನ ಪೂಜೆ ಮುಗಿಸಿ ಬಂದೊಡನೆ ಇಡೀ ವಿಲ್ಲಾದ ಎ.ಸಿ. ಬಂದ್. ಅದೂ ಆಗಸ್ಟಿನಲ್ಲಿ! ಬೈಯಲು ಬಂದ ವಾಚ್‌ಮನ್ "ಖಲಾಸ್, ಖಲಾಸ್, ಸಾಕು ನಿಲ್ಲಿಸಿ" ಎನ್ನುತ್ತಲೇ ಬಾಗಿಲಲ್ಲಿ ಕೂತವನು ಮೂರು ಗಂಟೆ ಏಳಲಿಲ್ಲ. ಬೆವರಿನಲ್ಲಿ ತೊಯ್ದು ಹೋಗುವಾಗ, ಮುಂದಿನ ವಾರ ಎಷ್ಟು ಹೊತ್ತಿಗೆ ಎಂದು ಕೇಳಿದ.

ಏಳು ಹಾಡು ಹೀಗೆ ಮುಗಿದವು. ಎಂಟನೆಯದು ಮಾತ್ರ ಎರಡು ವರ್ಷ ಕಾದು ಕೂತಿತು, ಅದು ಅಕ್ಕನದು.

ನಮ್ಮ ಕ್ರಿಶ್ಚಿಯನ್ನರಲ್ಲಿ ಮದುವೆಯ ಮುನ್ನಾದಿನ ಮದುಮಗಳ ತಲೆಗೆ ತೆಂಗಿನಹಾಲು ಹಾಕಿ ಮೀಯಿಸುವ ರೋಸ್ ಶಾಸ್ತ್ರವುಂಟು. ಆಗ ಹೆಂಗಸರು ವೊವಿಯೊ ಹಾಡು ಹೇಳುತ್ತಾರೆ. ದುಬೈಯಲ್ಲಾಗಲಿ ಅಬುಧಾಬಿಯಲ್ಲಾಗಲಿ ರೋಸ್ ಇದ್ದರೆ ಅಕ್ಕನಿಗೇ ಮೊದಲ ಕರೆ. ಥೈರಾಯ್ಡ್ ಆಪರೇಷನ್ ಆದ ಮೇಲೆ ಅವಳ ದನಿ ಒಡೆಯಿತು. ಮಾತಿಗೆ ತೊಂದರೆಯಿಲ್ಲ, ಭಾವನನ್ನು ಬೈಯಲಂತೂ ಧಾರಾಳ ಸಾಕು. ಹಾಡು ಮಾತ್ರ ನಿಂತಿತು. ಅಡುಗೆ ಮಾಡುವಾಗ ಗುನುಗುವುದನ್ನೂ ಬಿಟ್ಟಳು. ಭಾವ ಎಷ್ಟು ಬೇಡಿದರೂ ಒಂದೇ ಉತ್ತರ.

"ಈ ಸ್ವರದಲ್ಲಿ ಹಾಡಿ ಜನ ನಗ್ಬೇಕಾ? ಬೇರೆ ಯಾರನ್ನಾದ್ರೂ ಕರೀರಿ."

"ಬೇರೆಯವರದ್ದು ನಂಗೆ ಬೇಡ ಮಾರಾಯ್ತಿ," ಎಂದು ಭಾವ ಮತ್ತೆ ಇಸ್ತ್ರಿಗೆ ಕೂರುತ್ತಿದ್ದರು.

ಕೊನೆಗೊಂದು ಶುಕ್ರವಾರ ಭಾವ ಸೋತರು. ಹಾಡುವವರಿಲ್ಲದೆ, ವೊವಿಯೊವನ್ನು ಡೋಬ್ರೋದಲ್ಲೇ ನುಡಿಸಿ ಮುಗಿಸುವುದೆಂದು ಶುರುಮಾಡಿದರು. ಕೈ ಕೇಳಬೇಕಲ್ಲ, ಬ್ಲೂಗ್ರಾಸಿನ ಅಭ್ಯಾಸ! ಹಾಡು ಹೊರಟಿತು ನೋಡಿ, ಶೇಖ್ ಝಾಯೆದ್ ರೋಡಿನ ಟ್ಯಾಕ್ಸಿಯ ಹಾಗೆ. ನಾಲ್ಕು ಸಾಲು ಮುಗಿಯುವುದರೊಳಗೆ ಬಾಗಿಲು ದಡಾರನೆ ತೆರೆಯಿತು. ಕೈಯಲ್ಲಿ ಸೌಟು ಹಿಡಿದು ಅಕ್ಕ ನಿಂತಿದ್ದಳು. ನಾನು ರೆಕಾರ್ಡಿಂಗ್ ನಿಲ್ಲಿಸಿದೆ.

"ಎಂತ ಮಾರಾಯ್ರೆ ಇದು? ಒಂದು ಸಾಲು ಮುಗಿಯುವಷ್ಟರಲ್ಲಿ ಒಂದು ಕೈ ಹಾಲು ತಲೆಯಿಂದ ಕುತ್ತಿಗೆಗೆ ಇಳೀಬೇಕು. ನಿಮ್ಮ ಸ್ಪೀಡಿಗೆ ಹುಡುಗಿಯ ತಲೆಕೂದಲೂ ಒದ್ದೆಯಾಗ್ಲಿಕ್ಕಿಲ್ಲ."

"ಹಾಗಾದ್ರೆ ಎಷ್ಟು ನಿಧಾನ?" ಎಂದರು ಭಾವ. ಅದರಲ್ಲಿ ಉಪಾಯವೇನೂ ಇರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ರೋಸ್ ನಡೆಯುವಾಗ ಗಂಡಸರು ಊಟದ ಪಂಕ್ತಿಯ ಹತ್ತಿರವಲ್ಲವೇ ಇರುವುದು?

ಅಕ್ಕ ಸೌಟು ಕೆಳಗಿಟ್ಟಳು. ಅವರ ಬೆನ್ನ ಹಿಂದೆ ನಿಂತು, ಅವರ ಬೋಳುತಲೆಯ ಮೇಲೆ ಅಂಗೈ ಇಟ್ಟು, ಇಲ್ಲದ ಹಾಲನ್ನು ನೆತ್ತಿಯಿಂದ ಕುತ್ತಿಗೆಯವರೆಗೆ ಮೆಲ್ಲಗೆ ಸವರುತ್ತ ಹಾಡಿದಳು. ದನಿ ಒಡಕಾಗಿಯೇ ಇತ್ತು, ಕೆಳಗೆ ಎಲ್ಲೋ ಉಜ್ಜಿಕೊಂಡು ಬರುತ್ತಿತ್ತು. ಆದರೆ ಅದು ನನ್ನ ಅಕ್ಕನ ದನಿ. ನನಗೆ ಅಳು ಬಂತು. ಪ್ಲೈವುಡ್ಡಿನ ಆಚೆ ಯಾರೂ ನಗಲಿಲ್ಲ.

ಹಾಡು ಮುಗಿದ ಮೇಲೆ ನೋಡುತ್ತೇನೆ, ರೆಕಾರ್ಡ್ ಬಟನ್ ಒತ್ತಿಯೇ ಇಲ್ಲ. ಎರಡು ವರ್ಷ ಕಾದ ಮನುಷ್ಯನಿಗೆ ಇದನ್ನು ಹೇಗೆ ಹೇಳುವುದು? ಹೇಳಿದೆ.

"ಪರವಾಗಿಲ್ಲ," ಎಂದರು ಭಾವ, ತಲೆ ಎತ್ತದೆ. "ನಂಗೆ ಕೇಳಿತಲ್ಲ. ಸಾಕು."

ಅಕ್ಕ ನನ್ನತ್ತ ತಿರುಗಿದಳು. "ಯಲ್ಲಾ, ಬೇಗ, ಈಗ ಒತ್ತು. ಇನ್ನೊಮ್ಮೆ ಹಾಡ್ತೇನೆ," ಎಂದಳು.

ನಾನು ಒತ್ತಿದೆ. ಅಕ್ಕ ಮತ್ತೆ ಅವರ ತಲೆಯ ಮೇಲೆ ಕೈಯಿಟ್ಟು ಹಾಡಿದಳು, ಭಾವನ ಕೈ ತಂತಿಯವರೆಗೆ ಹೋಗಲೇ ಇಲ್ಲ. ಅಷ್ಟು ದೊಡ್ಡ ಡೋಬ್ರೋ ವಾದಕನ ಆಲ್ಬಮ್ಮಿನಲ್ಲಿ ಎಂಟನೆಯ ಹಾಡಿಗೆ ಡೋಬ್ರೋ ಇಲ್ಲ.