ಎರಡೇ ಮುಖದ ಬ್ಯಾನರ್

ನನ್ನ ಮುಖದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ತಕರಾರೆಲ್ಲ ನಡೆದದ್ದು ಅದನ್ನು ಎಲ್ಲಿ, ಎಷ್ಟು ದೊಡ್ಡದಾಗಿ ಇಡಬೇಕು ಎಂಬುದರ ಮೇಲೆ.

ಗಡಹಿಂಗ್ಲಜದ ಪೇಟೆಯಲ್ಲಿ ನಮ್ಮದು ಸ್ಟೀಲ್ ಪಾತ್ರೆಗಳ ಅಂಗಡಿ. ಹೋದ ವರ್ಷ ನನ್ನ ಹೆಂಡತಿ ಸುವರ್ಣಾ ಕುಕ್ಕರಿನ ಗ್ಯಾಸ್ಕೆಟ್ ತರಲು ನನ್ನನ್ನು ಕೊಲ್ಹಾಪುರಕ್ಕೆ ಕಳಿಸಿದಳು. ಅಲ್ಲಿ ಜಾಹೀರಾತು ಕಲೆಯನ್ನು ಸವಿಯುವುದು ಹೇಗೆ ಎಂಬ ಶಿಬಿರ ನಡೆದಿತ್ತು, ಒಳಗೆ ಫ್ಯಾನಿತ್ತು, ಕುಳಿತುಬಿಟ್ಟೆ. ಸಂಜೆ ಊರಿಗೆ ಮರಳಿದಾಗ ನನ್ನ ಬಳಿ ಸೌಂದರ್ಯಪ್ರಜ್ಞೆ ಇತ್ತು, ಗ್ಯಾಸ್ಕೆಟ್ ಇರಲಿಲ್ಲ.

ಶಿಬಿರದ ಮಾಸ್ತರರು ಹೇಳಿದ್ದು ಇಷ್ಟು: ಒಂದು ಚಿತ್ರದಲ್ಲಿ ಎಲ್ಲವೂ ಕೂಗಿದರೆ ಯಾವುದೂ ಕೇಳಿಸುವುದಿಲ್ಲ. ಕಣ್ಣು ಮೊದಲು ಎಲ್ಲಿ ನಿಲ್ಲಬೇಕೋ ಅದೊಂದನ್ನು ಗೊತ್ತುಮಾಡಿಕೊಳ್ಳಿ, ಉಳಿದದ್ದೆಲ್ಲ ಅದರ ಸೇವೆಗೆ. ಅಂದಿನಿಂದ ನನಗೆ ಎಸ್‌ಟಿ ಸ್ಟ್ಯಾಂಡಿನ ಮುಂದೆ ನೆಮ್ಮದಿಯಾಗಿ ನಡೆಯಲಾಗಲಿಲ್ಲ. ಅಲ್ಲಿನ ಬ್ಯಾನರಿನಲ್ಲಿ ಒಬ್ಬ ಪುಢಾರಿಯ ಹುಟ್ಟುಹಬ್ಬ, ಅವನ ಸುತ್ತ ಚಾಪೆಯ ಮೇಲೆ ಹಪ್ಪಳ ಒಣಹಾಕಿದಂತೆ ಶುಭ ಕೋರುವವರ ಮುಖಗಳು. ಇದನ್ನು ನಾನು ಊಟಕ್ಕೆ ಕುಳಿತಾಗಲೂ ವಿವರಿಸುತ್ತಿದ್ದೆ. ಸುವರ್ಣಾ ರೊಟ್ಟಿ ಬಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು (ಹಾಗೆಂದು ನಾನು ತಿಳಿದಿದ್ದೆ, ನಿಜಕ್ಕೂ ಕೇಳಿಸಿಕೊಳ್ಳುತ್ತಿದ್ದಳೆಂಬುದು ಆಮೇಲೆ ತಿಳಿಯಿತು).

ಅಷ್ಟರಲ್ಲಿ ನಗರ ಪರಿಷತ್ತಿನ ಚುನಾವಣೆ ಬಂತು. ನಗರಸೇವಕನಾಗಬೇಕೆಂಬುದು ನನ್ನ ಬಹಳ ದಿನದ ಆಸೆ. ನಮ್ಮ ವಾರ್ಡಿನ ಸೀಟು ಮಹಿಳೆಯರಿಗೆ ಮೀಸಲಾಯಿತು. ಹಾಗಾಗಿ ಸುವರ್ಣಾ ನಿಂತಳು. ಅಂದರೆ ಅವಳ ಹೆಸರಿನಲ್ಲಿ ನಾನೇ ನಿಂತೆ (ಊರಿಗೆ ಊರೇ ಹೀಗೆ ನಿಲ್ಲುತ್ತದೆ, ನನ್ನೊಬ್ಬನನ್ನೇ ಏಕೆ ನೋಡುತ್ತೀರಿ?). ಅವಳಿಗೆ ಅವಳದೇ ಕಾರಣವಿತ್ತು. ನಮ್ಮ ಓಣಿಯ ತೆರೆದ ಗಟಾರವನ್ನು ಮುಚ್ಚಿಸಬೇಕು, ಅದಕ್ಕೆ ಗೆಲ್ಲಲೇಬೇಕು ಎಂದು ಪಟ್ಟು ಹಿಡಿದಿದ್ದಳು. ಹೆಂಗಸರೆಲ್ಲ ಅವಳ ಬೆನ್ನಿಗಿದ್ದರು.

ಬ್ಯಾನರ್ ಮಾತ್ರ ನನ್ನ ಪಾಲಿಗೆ ಬಂತು. ಕಲಿತ ವಿದ್ಯೆಯನ್ನೆಲ್ಲ ಅದಕ್ಕೆ ಸುರಿದೆ. ಅವಳ ಕಾಕಾನನ್ನು ತೆಗೆದೆ, ತರುಣ ಮಂಡಳದ ಅಧ್ಯಕ್ಷನನ್ನು ತೆಗೆದೆ, ನನ್ನ ಭಾವಮೈದುನ ಭರತೇಶನನ್ನೂ ತೆಗೆದೆ. ಅವನು ಮಾತು ಬಿಟ್ಟ. ಕಲೆಗಾಗಿ ಸಹಿಸಿಕೊಂಡೆ. ಕಡೆಗೆ ಉಳಿದದ್ದು ಎರಡೇ ಮುಖ. ದೊಡ್ಡದು ನನ್ನದು. ಅವಳದು ಕೆಳಗಿನ ಮೂಲೆಯಲ್ಲಿ, ಸಮತೋಲನಕ್ಕೆ. ಅವಳ ಚುನಾವಣಾ ಗುರುತಾದ ಚಹಾದ ಕಪ್ಪು-ಬಸಿ ಅದಕ್ಕೂ ಕೆಳಗೆ, ಶೋಭೆಗೆ.

ಸುವರ್ಣಾ ಬಹಳ ಹೊತ್ತು ನೋಡಿದಳು. “ಇದರಾಗ ನಿಂತಾವ್ರು ಯಾರ್ರೀ?” ಎಂದಳು.

ನನ್ನ ಮುಖ ಕಂಡರೆ ನೀನು ಯಾರ ಹೆಂಡತಿ ಎಂದು ಮಂದಿಗೆ ಗೊತ್ತಾಗುತ್ತದೆ ಎಂದು ತಿಳಿಸಿ ಹೇಳಿದೆ. ಅವಳು ಪ್ರಚಾರಕ್ಕೆ ಹೊರಟುಹೋದಳು.

ಬ್ಯಾನರನ್ನು ಓಣಿಯ ಬಾಯಿಗೆ ಕಟ್ಟಿಸಿದೆ. ನೋಡಿದವರ ಮನಸ್ಸಿನಲ್ಲಿ ಏನು ಉಳಿಯಿತೆಂದು ಕೇಳಬೇಕು, ಅದೇ ನಿಜವಾದ ಪರೀಕ್ಷೆ ಎಂದು ಮಾಸ್ತರರು ಹೇಳಿದ್ದರು. ಎದುರುಮನೆಯ ಗೌರವ್ವ ಆಯಿ ಕಟ್ಟೆಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕುಳಿತಿದ್ದಳು. ಬ್ಯಾನರ್ ಹೇಗಿದೆ ಎಂದು ಕೇಳಿದೆ.

“ಭಾಳ ಚಲೋ ಬಂದೈತಿ ನಮ್ಮಪ್ಪಾ. ನೀ ಏನ ಕಾಳಜಿ ಮಾಡಬ್ಯಾಡ, ನಾ ಚಸ್ಮಾಕ್ಕ ಬಟನ್ ಒತ್ತತೇನಿ.”

ತಿರುಗಿ ಮೇಲೆ ನೋಡಿದೆ. ಅಷ್ಟು ದೊಡ್ಡ ಮುಖದಲ್ಲಿ ನನ್ನ ಚಸ್ಮಾದ ಒಂದೊಂದು ಗಾಜೂ ಹಿಟ್ಟು ನಾದುವ ಪರಾತದಷ್ಟಿತ್ತು. ಕಣ್ಣು ಮೊದಲು ನಿಲ್ಲುತ್ತಿದ್ದದ್ದು ಅಲ್ಲೇ. ಚಸ್ಮಾ ನಮ್ಮ ಎದುರಾಳಿ ಸೋನಲ ಬಾಯಿಯ ಗುರುತು. ಓಣಿಯಲ್ಲಿ ಇನ್ನೂ ಕೆಲವರನ್ನು ಕೇಳಿದೆ. ಅವರಿಗೂ ನೆನಪಿದ್ದದ್ದು ಚಸ್ಮಾ ಒಂದೇ. ಕಪ್ಪನ್ನಾಗಲಿ ಬಸಿಯನ್ನಾಗಲಿ ಯಾರೂ ಕಂಡಿರಲಿಲ್ಲ. ಶತ್ರುಪಕ್ಷದ ಪ್ರಚಾರವನ್ನು ನಾನೇ ಮುಂದೆ ನಿಂತು, ಹಗ್ಗ ಬಿಗಿಸಿ ಕಟ್ಟಿಸಿದ್ದೆ.

ಸುವರ್ಣಾಳಿಗೆ ಹೇಳಿ ಬೈಸಿಕೊಳ್ಳಲು ತಯಾರಾದೆ. ಅವಳು ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬ್ಯಾನರ್ ಮುದ್ರಿಸಿದ್ದ ತಮ್ಮಣ್ಣನ ಪ್ರೆಸ್ಸಿಗೆ ಹೊರಟಳು. ನಾನು ಬೆನ್ನು ಹತ್ತಿದೆ. ತಮ್ಮಣ್ಣ ಕಂಪ್ಯೂಟರಿನಲ್ಲಿ ಬ್ಯಾನರ್ ತೆರೆದ. ಮುಖ ಹಾಗೇ ಇರಲಿ, ಚಸ್ಮಾ ಒಂದನ್ನು ಅಳಿಸಿದರೆ ಸಾಕು ಎಂದು ನಾನು ಸಲಹೆ ಕೊಟ್ಟೆ. ಸುವರ್ಣಾ ಪರದೆಯ ಮೇಲೆ ನನ್ನ ಮುಖಕ್ಕೆ ತನ್ನ ಅಂಗೈ ಅಡ್ಡ ಹಿಡಿದು, “ಈಗ ನೋಡ್ರಿ” ಎಂದಳು.

ನೋಡಿದೆ. ಅವಳು ಚಿಕ್ಕದಾಗಿದ್ದರೂ ಕಣ್ಣು ನೇರ ಅವಳತ್ತ ಹೋಯಿತು, ಅವಳಿಂದ ಕಪ್ಪು-ಬಸಿಗೆ. ಶಿಬಿರದಲ್ಲಿ ನನಗೆ ಪದಗಳಾಗಿ ಉಳಿದದ್ದು ಆಗ ಚಿತ್ರವಾಗಿ ತಿಳಿಯಿತು. ತಮ್ಮಣ್ಣ ನನ್ನನ್ನು ಪೂರ್ತಿ ಅಳಿಸಿದ, ಅವಳನ್ನು ನಡುವಿಗೆ ತಂದ, ಕಪ್ಪು-ಬಸಿಯನ್ನು ದೊಡ್ಡದು ಮಾಡಿದ. ಸುತ್ತಲೆಲ್ಲ ಬಿಳಿ.

ಆಗ ಕಲಾರಸಿಕನಾದ ನಾನು, ಯಾವ ಪುಢಾರಿಯೂ ನಾಚುವಂತೆ, “ಅಷ್ಟ ಜಾಗಾ ಖಾಲಿ ಬಿಟ್ರ ಹ್ಯಾಂಗ?” ಎಂದು ಕೇಳಿಬಿಟ್ಟೆ.

“ಖಾಲಿ ಅಲ್ರೀ ಅದು,” ಎಂದಳು ಸುವರ್ಣಾ. “ನೀವು ಸರದ ಕೊಟ್ಟ ಜಾಗಾ.”

ತಮ್ಮಣ್ಣ ಕೀಬೋರ್ಡಿನಿಂದ ತಲೆ ಎತ್ತಲಿಲ್ಲ. ನನಗೆ ನೋವಾಯಿತು, ಸುಳ್ಳೇಕೆ ಹೇಳಲಿ? ಬ್ಯಾನರ್ ನಿಜಕ್ಕೂ ಚೆನ್ನಾಗಿ ಬಂದಿತ್ತು ಎಂಬುದು ಇನ್ನಷ್ಟು ನೋವಿನ ಸಂಗತಿ.

ಅದೇ ಬ್ಯಾನರ್ ಊರೆಲ್ಲ ಏರಿತು. ಸುವರ್ಣಾ ಗೆದ್ದಳು. ಹೆಂಗಸರು ಅವಳಿಗೆ ಗುಲಾಲು ಹಚ್ಚಿ ಓಣಿಯ ತುಂಬ ಮೆರೆಸಿದರು. ಆ ಗದ್ದಲದಲ್ಲಿ ಒಂದು ಬದಿಗೆ ನಿಂತಿದ್ದ ನನ್ನನ್ನು ಗೌರವ್ವ ಆಯಿ ಕಟ್ಟೆಗೆ ಕರೆದಳು. ಪಕ್ಕದಲ್ಲಿ ಕೂರಿಸಿಕೊಂಡು ತಲೆ ಸವರಿದಳು.

“ಬ್ಯಾಸರಾ ಮಾಡ್ಕೋಬ್ಯಾಡ ಶ್ರೀಪಾಲಾ,” ಎಂದಳು. “ಸೋಲು ಗೆಲುವು ಇದ್ದದ್ದ. ಆದ್ರೂ ನೀ ಚಸ್ಮಾ ತಗೊಂಡು ಸ್ವಂತ ಹೇಣ್ತಿ ಎದುರ ನಿಲ್ಲಬಾರದಾಗಿತ್ತು ನೋಡು.”

ನಾನು ನಿಂತೇ ಇರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಸ್ವಲ್ಪ ಯೋಚಿಸಿದಾಗ, ಆಯಿಯ ಮಾತು ಪೂರ್ತಿ ಸುಳ್ಳೂ ಅಲ್ಲ ಎನಿಸಿತು.

“ತಪ್ಪಾತ ಆಯಿ,” ಎಂದೆ. “ಇನ್ನ ಮ್ಯಾಲ ನಿಲ್ಲೂದಿಲ್ಲ.”