ಆರು ಗಂಟೆಯವರೆಗಿನ ಸೀಟು

ಎಲ್ಲದಕ್ಕೂ ಕಾರಣ ಷಡ್ಡಕನ ಕಾಲು.

ಹೆಂಡತಿಯ ತಂಗಿಯ ಗಂಡನಾದ ಈ ಷಡ್ಡಕನಿಗೆ ಟೈಲ್ಸ್ ಅಂಗಡಿಯಿತ್ತು. ಹೆಚ್ಚು ಮಾಲು ಮಾರಿದವರನ್ನು ಟೈಲ್ಸ್ ಕಂಪನಿಯವರು ವಿದೇಶಕ್ಕೆ ಕರೆದೊಯ್ದಾಗ ಅವನನ್ನು ವಿಮಾನದ ಬಿಸಿನೆಸ್ ಕ್ಲಾಸಿನಲ್ಲಿ ಕೂರಿಸಿದ್ದರು. ಅಲ್ಲಿಂದ ಅವನು ಮನೆಯವರ ವಾಟ್ಸಾಪ್ ಗುಂಪಿಗೆ ಒಂದೇ ಒಂದು ಫೋಟೋ ಕಳಿಸಿದ್ದ. ಅದರಲ್ಲಿ ಮುಖವಿರಲಿಲ್ಲ. ಉದ್ದಕ್ಕೆ ಚಾಚಿದ ಎರಡು ಕಾಲು, ಬೂದು ಕಾಲುಚೀಲ, ಆ ಕಾಲುಗಳಾಚೆ ಒಂದು ಮಗು ಮಲಗುವಷ್ಟು ಖಾಲಿ ಜಾಗ. ಕೆಳಗೊಂದು ಸಾಲು: 'ಇನ್ನೂ ಉಳಿದಿದೆ.'

ಅಂದಿನಿಂದ ಅವನ ಭಾವನಾದ ಬಕೆಟ್ ಕಾರ್ಖಾನೆಯ ತಪಾಸಣೆಗಾರನಿಗೆ ನೆಮ್ಮದಿಯಿರಲಿಲ್ಲ. ಮಂಚದ ಮೇಲೆ ಕಾಲು ಚಾಚಿದರೆ ಗೋಡೆ ತಾಗುತ್ತಿತ್ತು. ತಾಗಿದಾಗಲೆಲ್ಲ ಷಡ್ಡಕ ನೆನಪಾಗುತ್ತಿದ್ದ. ಹೊಟ್ಟೆಕಿಚ್ಚು ಎನ್ನುವುದು ಅವನ ಹೊಟ್ಟೆಯಲ್ಲಿ ಬಾಡಿಗೆ ಇಲ್ಲದೆ ಬಂದು ಕೂತ ನೆಂಟನಂತಿತ್ತು.

ಅವನಿಗೂ ಒಂದು ದಾರಿಯಿತ್ತು. ಅವನ ಬ್ಯಾಂಕ್ ಕಾರ್ಡಿನಲ್ಲಿ ಏನು ಕೊಂಡರೂ ವಿಮಾನ ಕಂಪನಿಯ ಮೈಲುಗಳು ಸೇರುತ್ತಿದ್ದವು. ಸಾಕಷ್ಟು ಮೈಲು ಕೂಡಿದರೆ ಟಿಕೆಟ್ಟು. ತಾನೊಬ್ಬನೇ ಕೊಂಡಿದ್ದರೆ ಆ ಮೈಲುಗಳಲ್ಲಿ ವಿಮಾನ ರನ್‌ವೇ ದಾಟುತ್ತಿರಲಿಲ್ಲ. ಹಾಗಾಗಿ ಕಾರ್ಖಾನೆಯಲ್ಲಿ ಯಾರು ಏನು ಕೊಳ್ಳಲು ಹೊರಟರೂ ಅವನು ಕಾರ್ಡು ಹಿಡಿದು ಹಿಂದೆ ಓಡುತ್ತಿದ್ದ. ಮೌಲ್ಡಿಂಗ್ ಮೇಸ್ತ್ರಿಯ ಫ್ರಿಜ್ಜು, ಪ್ಯಾಕಿಂಗ್ ಅಕ್ಕನ ಮಗಳ ಕಾಲೇಜು ಫೀಸು, ಮ್ಯಾನೇಜರ ಹಲ್ಲಿನ ಸೆಟ್ಟು, ಎಲ್ಲದಕ್ಕೂ ಇವನ ಕಾರ್ಡು. ಅವರು ಇವನಿಗೆ ನಗದು ಕೊಡುತ್ತಿದ್ದರು, ಇವನಿಗೆ ಮೈಲು ಉಳಿಯುತ್ತಿತ್ತು. ಹೀಗೆ ನಾಲ್ಕು ವರ್ಷ. ಗಂಡಹೆಂಡತಿ ಇಬ್ಬರಿಗೂ ಸೇರಿದ ಆ ಖಾತೆಯಲ್ಲಿ ಕಡೆಗೂ ಎರಡು ಬಿಸಿನೆಸ್ ಕ್ಲಾಸ್ ಸೀಟಿಗೆ ಆಗುವಷ್ಟು ಕೂಡಿತ್ತು. ಆದರೆ ಬರುವ ಶನಿವಾರ ದಾಟಿದರೆ ಅಷ್ಟೂ ಮೈಲು ರದ್ದು.

"ಹತ್ತು ಗಂಟೆಗೆ ಮೈಲಿನ ಸೀಟು ಬಿಡ್ತಾರೆ, ಎರಡೇ ಎರಡು," ಎಂದ ಅವನು ಬೆಳಿಗ್ಗೆ ಬೂಟು ಹಾಕುತ್ತ. "ಹೆಸರು ಕೊಟ್ಟು ಹಿಡಿದಿಟ್ರೆ ಸಂಜೆ ಆರರವರೆಗೂ ನಮ್ದೇ. ಅಷ್ಟರಲ್ಲಿ ಮೈಲು ಕಟ್ಟಿ ಖಾತ್ರಿ ಮಾಡ್ಕೋಬೇಕು."

"ಮೂರು ದಿನಕ್ಕೆ ಸಮುದ್ರ ದಾಟಿ ಹೋಗ್ಬೇಕಾ? ಅಲ್ಲೇನಿದೆ?" ಎಂದಳು ಹೆಂಡತಿ. ಅವಳು ಶಾಲೆಯ ಟೀಚರ್. ಅಂದು ಪರೀಕ್ಷೆಯ ಡ್ಯೂಟಿ. ಬೆಳಿಗ್ಗೆ ಹತ್ತೂಕಾಲಿನಿಂದ ಸಂಜೆ ಐದರವರೆಗೆ ಫೋನು ಶಾಲೆಯ ಬೀರುವಿನಲ್ಲಿ, ಊಟದ ಹೊತ್ತಲ್ಲಿ ಮಾತ್ರ ಕೈಗೆ.

"ಅಲ್ಲೇನಾದ್ರೂ ಇರ್ಲಿ. ನಮಗೆ ಬೇಕಾಗಿರೋದು ಹೋಗೋ ಸೀಟು."

"ಹಿಡಿದಿಡ್ತೀರಾ ಸರಿಯಾಗಿ? ನಿಮ್ಮನ್ನ ನಂಬಿ ಸಿನಿಮಾಕ್ಕೆ ಹೋದಾಗೆಲ್ಲ ಮೊದಲ ಸಾಲಲ್ಲಿ ಕತ್ತೆತ್ತಿ ಕೂತಿದ್ದೀನಿ ನಾನು."

ಕಾರ್ಖಾನೆಯಲ್ಲಿ ಅವನ ಕೆಲಸ ಸರಳ. ಬಕೆಟ್ಟಿನ ತುಂಬ ನೀರು ತುಂಬಿಸಿ ಕೊಕ್ಕೆಗೆ ನೇತುಹಾಕಬೇಕು. ಹತ್ತು ನಿಮಿಷ ಹಿಡಿ ಕಿತ್ತುಬರದಿದ್ದರೆ ಬಕೆಟ್ಟು ಪಾಸು. ಅಂದು ಹತ್ತಕ್ಕೆ ಸರಿಯಾಗಿ ಒಂದು ಹಸಿರು ಬಕೆಟ್ ನೇತುಹಾಕಿ, ಅದಕ್ಕೆ ಬೆನ್ನು ಮಾಡಿ ಫೋನು ತೆಗೆದ. ಎರಡು ಸೀಟು ಕಂಡವು. ಮೂರನೇ ಸಾಲು, ನಡುವೆ, ಅಕ್ಕಪಕ್ಕ.

"ಕಿಟಕಿ ತಗೊಳ್ಳಿ ಸಾರ್," ಎಂದು ಕಿವಿಯ ಹತ್ತಿರ ಪ್ಯಾಕಿಂಗ್ ಅಕ್ಕನ ದನಿ.

"ಇರೋದೇ ಎರಡು ಅಕ್ಕ. ಎರಡೂ ನಡುವೆ."

"ಕಿಟಕಿ ಇಲ್ದಿದ್ರೆ ಮೇಲೆ ಹೋಗಿದ್ದೀವಿ ಅಂತ ಹೇಗೆ ಗೊತ್ತಾಗ್ಬೇಕು? ನನ್ನ ಮಗಳ ಮೂರು ವರ್ಷದ ಫೀಸು ಇದೆ ಅದ್ರಲ್ಲಿ. ಅಷ್ಟೂ ಹೇಳ್ಬಾರ್ದಾ?"

ಮೌಲ್ಡಿಂಗ್ ಮೇಸ್ತ್ರಿಯೂ ಬಂದು ತಲೆ ತೂರಿಸಿದ. "ಈ ಕಾಲು ಚಾಚೋ ಹಲಗೆ ಇದೆಯಲ್ಲ ಸಾರ್, ಇದು ನನ್ನ ಫ್ರಿಜ್ಜು. ಕಾಲಿಡುವಾಗ ನನ್ನ ನೆನೆಸ್ಕೊಳ್ಳಿ."

"ನಿನ್ನ ಫ್ರಿಜ್ಜಿಗೆ ಹಲಗೆ ಪೂರ್ತಿ ಎಲ್ಲಿ ಬರುತ್ತೋ? ಹೆಚ್ಚಂದ್ರೆ ಬೆಲ್ಟು ಬರುತ್ತೆ," ಎಂದಳು ಅಕ್ಕ.

"ಡಬಲ್ ಡೋರ್ ಅಕ್ಕ ಅದು!"

"ಡಬಲ್ ಡೋರ್ ಆದ್ರೆ ಎರಡು ಬೆಲ್ಟು ಇಟ್ಕೋ."

ಜಗಳ ಬಿಡಿಸಿ ಅವನು ತನ್ನ ಹೆಸರಿನಲ್ಲಿ ಒಂದು ಸೀಟು ಹಿಡಿದಿಟ್ಟ. ಹೆಂಡತಿಯ ಹೆಸರು ಹಾಕಿ ಎರಡನೆಯದನ್ನು ಒತ್ತಿದಾಗ ಪರದೆ ಹೇಳಿತು: 'ಕ್ಷಮಿಸಿ, ಈ ಸೀಟನ್ನು ಬೇರೊಬ್ಬರು ಹಿಡಿದಿಟ್ಟಿದ್ದಾರೆ.'

ಬೇರೊಬ್ಬರು! ಎರಡು ನಿಮಿಷದಲ್ಲಿ! ಜಗತ್ತಿನಲ್ಲಿ ಕೋಟಿಗಟ್ಟಲೆ ಜನರಿದ್ದರೂ ತಪಾಸಣೆಗಾರನಿಗೆ ಹೊಳೆದದ್ದು ಒಂದೇ ಹೆಸರು, ಅದೂ ಬೂದು ಕಾಲುಚೀಲ ಹಾಕಿಕೊಂಡು. ಆ ಪ್ರವಾಸದಿಂದ ಷಡ್ಡಕನ ಬಳಿಯೂ ಮೈಲುಗಳಿದ್ದವು. ಒಮ್ಮೆ ಕಾಲು ಚಾಚಿದವನು ಇನ್ನೊಮ್ಮೆ ಮಡಿಸಿ ಕೂತಾನೇ? ಹನ್ನೆರಡರವರೆಗೂ ಅವನು ಹಲ್ಲು ಕಡಿದ. ಆಮೇಲೆ ಫೋನು ಮಾಡಿದ.

"ಅಯ್ಯೋ, ಭಾವ! ನೀವಾಗೇ ಫೋನ್ ಮಾಡಿದ್ದೀರಿ! ಯಾರಿಗೆ ಹುಷಾರಿಲ್ಲ?" ಎಂದ ಷಡ್ಡಕ.

"ಎಲ್ಲರೂ ಚೆನ್ನಾಗಿದ್ದೀವಿ. ನಿನ್ನ ಒಳ್ಳೇದಕ್ಕೆ ಒಂದು ಮಾತು ಹೇಳೋಣ ಅಂತ ಮಾಡ್ದೆ." ಊರಿನ ಹೆಸರು, ವಿಮಾನದ ದಿನ ಎಲ್ಲ ಬಿಡಿಸಿ ಹೇಳಿದ. "ಅಲ್ಲಿಗೆ ಮಾತ್ರ ಹೋಗ್ಬೇಡ."

"ನಾನ್ಯಾಕೆ ಹೋಗ್ಲಿ ಭಾವ?"

'ನಾಟಕ,' ಎಂದುಕೊಂಡ ತಪಾಸಣೆಗಾರ. "ಅಲ್ಲ, ಮೈಲು ಕೊಟ್ಟು ಎರಡು ಸೀಟು ಸಿಗುತ್ತೆ ಅಂತ ಆಸೆ ಬೀಳ್ತಾರೆ ಜನ. ಆ ಸೀಟಿನ ತುಂಬ ತಿಗಣೆ."

"ಬಿಸಿನೆಸ್ ಕ್ಲಾಸಲ್ಲೂ ತಿಗಣೆನಾ?"

"ಅಲ್ಲೇ ಜಾಸ್ತಿ. ಅವಕ್ಕೂ ಆರಾಮ ಬೇಕಲ್ಲ! ಇನ್ನು ಊರಲ್ಲಿ ಅದೇನೋ ಜ್ವರ. ಇಳಿದ ತಕ್ಷಣ ಹತ್ತು ದಿನ ಕೋಣೇಲಿ ಕೂಡಿಹಾಕ್ತಾರಂತೆ."

"ಹೌದಾ? ಸಮುದ್ರ ಗಿಮುದ್ರ?"

"ಇದೆ. ನಾತ."

"ಯಾವ ಸಾಲು ಅಂದ್ರಿ ಭಾವ, ಆ ತಿಗಣೆ ಇರೋದು?"

"ಮೂರನೇ ಸಾಲು, ನಡುವೆ."

"ಒಳ್ಳೇ ಟೈಮಿಗೆ ಹೇಳಿದ್ರಿ. ಇವಳಿಗೂ ಹೇಳ್ತೀನಿ."

ಫೋನಿಟ್ಟಾಗ ತಪಾಸಣೆಗಾರನ ಎದೆ ಹಗುರಾಗಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ 'ಟಪ್' ಎಂದಿತು. ಹತ್ತರಿಂದಲೂ ನೇತಾಡುತ್ತಿದ್ದ ಹಸಿರು ಬಕೆಟ್ ಹಿಡಿ ಕಿತ್ತುಕೊಂಡು, ಕೊಕ್ಕೆಯ ಕೆಳಗೆ ಬಗ್ಗಿ ಏನೋ ನೋಡುತ್ತಿದ್ದ ಮ್ಯಾನೇಜರ ಬೆನ್ನ ಮೇಲೆ ಬಿದ್ದಿತ್ತು. ಅವರು ಮೇಲೆದ್ದಾಗ ಮಳೆಗೆ ಸಿಕ್ಕ ಕೋಳಿಯಂತಿದ್ದರು. ಹೊಸ ಹಲ್ಲಿನ ಸೆಟ್ಟು ಮಾತ್ರ ಫಳಫಳ ಹೊಳೆಯುತ್ತಿತ್ತು.

"ಹತ್ತು ನಿಮಿಷದ ಪರೀಕ್ಷೆ ಎರಡು ಗಂಟೆ ಮಾಡಿದ್ದೀರೇನ್ರಿ?"

"ನಮ್ಮ ಬಕೆಟ್ ಎಷ್ಟು ಗಟ್ಟಿ ನೋಡಿ ಸಾರ್..."

"ಫೋನ್ ಕೊಡಿ ಇಲ್ಲಿ! ಹಲ್ಲು ಕಟ್ಟಿಸಿದ್ದು ನಿಮ್ಮ ಕಾರ್ಡಲ್ಲಿ ಅಂತ ಇಷ್ಟಕ್ಕೇ ಬಿಡ್ತಿದ್ದೀನಿ. ಎರಡು ಗಂಟೆಗೆ ಬಂದು ಇಸ್ಕೊಂಡು ಹೋಗಿ."

ಎರಡಕ್ಕೆ ಫೋನು ಕೈಗೆ ಬಂದಾಗ ಊಟದ ಹೊತ್ತಿನಲ್ಲಿ ಹೆಂಡತಿ ಮಾಡಿದ ಮೂರು ಕರೆಗಳು ಕಂಡವು. ಅವಕ್ಕಿಂತ ಮೊದಲು ಅವನು ನೋಡಿದ್ದು ಸೀಟನ್ನು. ಮೂರನೇ ಸಾಲಿನ ಇನ್ನೊಂದು ಸೀಟು ಮತ್ತೆ ಖಾಲಿಯಾಗಿತ್ತು!

"ಹೆದರಿ ಬಿಟ್ಟ!" ಎಂದು ಕೂಗಿ ಹೆಂಡತಿಯ ಹೆಸರಿನಲ್ಲಿ ಅದನ್ನೂ ಹಿಡಿದಿಟ್ಟ. ಅವಳಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಹೋಗಲಿ, ಖಾತ್ರಿಗೆ ಬೇಕಾದ ಅವಳ ಪಾಸ್‌ಪೋರ್ಟ್ ಹೇಗೂ ಮನೆಯಲ್ಲಿ, ಅವಳ ಬೀಗದ ಪೆಟ್ಟಿಗೆಯಲ್ಲಿತ್ತು. ಎಲ್ಲರಿಗೂ ಚಹಾ ತರಿಸಿದ. ಬಕೆಟ್‌ಗಳನ್ನು ಬೋರಲು ಹಾಕಿ ಒಂದರ ಮೇಲೆ ಕೂತು, ಇನ್ನೊಂದರ ಮೇಲೆ ಕಾಲು ಚಾಚಿದ.

"ಏನ್ ಸಾರ್ ಇದು?" ಎಂದ ಮೇಸ್ತ್ರಿ.

"ಅಭ್ಯಾಸ ಮಾಡ್ತಿದ್ದೀನಿ. ಒಮ್ಮೆಲೇ ಚಾಚಿದ್ರೆ ನರ ಹಿಡ್ಕೊಳ್ಳುತ್ತೆ."

"ಇವರ ಮುಖ ನೋಡಿದ್ರೆ ಹೊಟ್ಟೆ ಉರಿಯುತ್ತೆ ಕಣೋ," ಎಂದಳು ಅಕ್ಕ ಚಹಾ ಹೀರುತ್ತ. "ಓದಿದ್ದು ನನ್ನ ಮಗಳು, ಹಾರೋದು ಇವರು."

ಸಂಜೆ ಐದೂವರೆಗೆ ಹೆಂಡತಿ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅವನು ಎದುರು ನಿಂತಿದ್ದ.

"ಪಾಸ್‌ಪೋರ್ಟ್ ತೆಗಿ! ಬೇಗ!"

"ಯಾಕೆ, ಈಗ ಬೇರೆ ಊರಿಗಾ?" ಎನ್ನುತ್ತಲೇ ಅವಳು ತಂದುಕೊಟ್ಟಳು. ನಂಬರು ತುಂಬಿ, ದೊಡ್ಡ ಉಸಿರೆಳೆದು ಒತ್ತಿದ. 'ನಿಮ್ಮ ಖಾತೆಯಲ್ಲಿ ಸಾಕಷ್ಟು ಮೈಲುಗಳಿಲ್ಲ.' ಇನ್ನೊಮ್ಮೆ ಒತ್ತಿದ. ಖಾತೆ ತೆಗೆದು ನೋಡಿದ. ಮೈಲುಗಳು: ಸೊನ್ನೆ.

"ಅಯ್ಯೋ, ಕಳ್ಳತನ! ಯಾರೋ ದೋಚಿದ್ದಾರೆ ಕಣೇ!"

"ಕಿರುಚ್ಬೇಡಿ. ನಾನೇ ಖರ್ಚು ಮಾಡ್ದೆ."

"ನೀನಾ?"

"ಮತ್ತೇನು, ಶನಿವಾರಕ್ಕೆ ಹಾಳಾಗೋಕೆ ಬಿಡ್ಲಾ? ಬೆಳಿಗ್ಗೆ ನೀವು ತಡ ಮಾಡ್ತೀರಿ ಅಂತ ಫೋನ್ ಬೀರುವಿಗೆ ಇಡೋ ಮುಂಚೆ ನನ್ನ ಸೀಟು ನಾನೇ ಹಿಡಿದಿಟ್ಟೆ. ನಿಮ್ದು ನೀವು ಹಿಡಿದಿಡ್ತೀರಲ್ಲ ಅಂತ. ಊಟಕ್ಕೆ ಬಂದು ಫೋನ್ ನೋಡಿದ್ರೆ ತಂಗಿ ಮೆಸೇಜು. ಸೀಟಲ್ಲಿ ತಿಗಣೆ, ಊರಲ್ಲಿ ಜ್ವರ, ಹತ್ತು ದಿನ ಕೂಡಿಹಾಕ್ತಾರೆ, ಭಾವನೇ ಹೇಳಿದ್ರು ಅಂತ. ನನಗೆ ಹೇಳೋದು ಬಿಟ್ಟು ಅವರಿಗೆ ಮೊದಲು ಹೇಳಿದ್ದೀರಿ! ಮೂರು ಸಲ ಫೋನ್ ಮಾಡ್ದೆ, ಎತ್ತಲಿಲ್ಲ. ಸರಿ, ಹೋಗೋದಿಲ್ಲ ಅಂತಾಯ್ತಲ್ಲ, ಸೀಟು ಬಿಟ್ಟೆ. ವಿಮಾನದವರ ಸಾಮಾನಿನ ಪಟ್ಟಿ ನೋಡಿ ಮೈಲೆಲ್ಲ ಕೊಟ್ಟು ಸೂಟ್‌ಕೇಸ್ ತಗೊಂಡೆ."

"ಸೂಟ್‌ಕೇಸು," ಎಂದ ಅವನು.

"ಆರು. ಎಲ್ಲದಕ್ಕೂ ಚಕ್ರ ಇದೆ."

"ವಾಪಸ್ ಕೊಡು!"

"ವಾಪಸ್ ಇಲ್ವಂತೆ."

ಅವನು ಕುರ್ಚಿಯಲ್ಲಿ ಕುಸಿದ. ಫೋನಿನ ಪರದೆಯಲ್ಲಿ ಎರಡು ಸೀಟುಗಳು ಇನ್ನೂ ಅವರ ಹೆಸರಿನಲ್ಲೇ ಇದ್ದವು. ಗಡಿಯಾರ ಆರು ತೋರಿಸಿದ ಕೂಡಲೇ ಹೆಸರುಗಳು ಅಳಿಸಿಹೋದವು. ಆರು ಗಂಟೆ ಎರಡು ನಿಮಿಷಕ್ಕೆ ಸೀಟುಗಳೂ ಮಾಯವಾದವು. ಅವು ಯಾರ ಪಾಲಾದವೋ ಎಂದು ಅವನು ಕಾಣದ ಆ ಮನುಷ್ಯನಿಗೆ ಮನಸಾರೆ ಶಾಪ ಹಾಕುತ್ತಿದ್ದಾಗ ಹೆಂಡತಿಯ ಫೋನು ಗುನುಗಿತು. ಅವಳು ಸ್ಪೀಕರ್ ಒತ್ತಿದಳು.

"ಭಾವ!" ಎಂದು ಷಡ್ಡಕನ ದನಿ ಕೋಣೆ ತುಂಬಿತು. "ನಿಮ್ಮ ಉಪಕಾರ ಮರೆಯಲ್ಲ. ಮೂರನೇ ಸಾಲು, ನಡುವೆ, ಎರಡೂ ಸೀಟು ಈಗ ತಾನೇ ಸಿಕ್ತು!"

"ಜ್ವರ... ತಿಗಣೆ..." ಎಂದು ತೊದಲಿದ ತಪಾಸಣೆಗಾರ.

"ಬಿಡಿ ಭಾವ. ನಾನು ಕಾರ್ ತಗೊಂಡಾಗ ಬೆಂಕಿ ಹತ್ಕೊಳ್ಳುತ್ತೆ ಅಂದ್ರಿ. ಮನೆ ಕಟ್ಟಿಸಿದಾಗ ಕೆಳಗೆ ಹಾವಿದೆ ಅಂದ್ರಿ. ಎರಡೂ ಬಂಗಾರದ ಹಾಗಿವೆ. ನೀವು ಇಷ್ಟು ಬೈತಿದ್ದೀರಿ ಅಂದ್ರೆ ಭಾರಿ ಊರೇ ಇರ್ಬೇಕು ಅಂತ ತೆಗೆದು ನೋಡ್ದೆ. ನನಗೆ ಆ ವಿಮಾನ ಇದೆ ಅಂತಾನೇ ಗೊತ್ತಿರ್ಲಿಲ್ಲ! ಆದ್ರೆ ಯಾವನೋ ಮಧ್ಯಾಹ್ನದಿಂದ ಎರಡೂ ಹಿಡ್ಕೊಂಡು ಕೂತಿದ್ದ. ಕಾಯ್ತಾ ಇದ್ದೆ. ಆರಕ್ಕೆ ಸರಿಯಾಗಿ ಬಿಟ್ಟ, ಪುಣ್ಯಾತ್ಮ. ಎಲ್ಲಿದ್ರೂ ತಣ್ಣಗಿರ್ಲಿ."

ತಣ್ಣಗಿರಬೇಕಾದವನು ಕಿವಿಯವರೆಗೂ ಕೆಂಪಾಗಿ ಕೂತಿದ್ದ. ಅತ್ತ ಕಡೆ ಫೋನು ಕೈ ಬದಲಾಯಿಸಿತು.

"ಅಕ್ಕಾ, ಮಧ್ಯಾಹ್ನ ಸೂಟ್‌ಕೇಸ್ ತಗೊಂಡೆ ಅಂದ್ಯಲ್ಲ, ನಮಗೆ ಕೊಡ್ತೀಯಾ?" ಎಂದಳು ತಂಗಿ.

"ಕೇಳಬೇಕಾ? ಎರಡು ತಗೊಂಡು ಹೋಗಿ."

"ಎರಡು ಸಾಲಲ್ಲ ಅಕ್ಕಾ. ಆ ಕ್ಲಾಸಲ್ಲಿ ಒಬ್ಬೊಬ್ಬರಿಗೆ ಮೂರು ಮೂರು ಬಿಡ್ತಾರಂತೆ."

ಹೆಂಡತಿ ಗಂಡನ ಕಡೆ ನೋಡಿದಳು. ಅವನು ಗೋಡೆಯ ಕಡೆ ನೋಡುತ್ತಿದ್ದ.

"ಹಾಗಾದ್ರೆ ಆರೂ ತಗೊಂಡು ಹೋಗ್ರೇ," ಎಂದಳು ಅವಳು. "ನಾವೇನು ಎಲ್ಲಿಗಾದ್ರೂ ಹೋಗ್ತಿದ್ದೀವಾ?"